ಕಪಾಟು ಖಾಲಿ ಮಾಡುವವರಿಗೆ

‘ಎಲ್ಲಾ ಕಂಪ್ಯೂಟರಿನಾಗ ಅದಾವ, ಕಾಗದ ಯಾಕ ಬೇಕು?’ ಕಾಲೇಜು ಲೈಬ್ರರಿಗಳ ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕುವವರ ವಾದವಿದು. ಅಮೆರಿಕದಲ್ಲಿ 1995ರಲ್ಲಿ ಜೇಸ್ಟೋರ್ ಹುಟ್ಟಿದ್ದೇ ಕಪಾಟಿನ ಜಾಗ ಉಳಿಸಲಿಕ್ಕೆ. ನಮ್ಮಲ್ಲಿ 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. 30 ಅಂತರರಾಷ್ಟ್ರೀಯ ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಸರ್ಕಾರಿ ಕಾಲೇಜಿನ ನಮ್ಮ ಹುಡುಗರಿಗೆ ಸಿಗಲಿ, ಸಂತೋಷ.

ಆದರೆ ಚಂದಾ ಅಂದರೆ ಬಾಡಿಗೆ. ಕೀಲಿಕೈ ಬೇರೆಯವರದು. ಡಿಗ್ರಿ ಮುಗಿಸಿ ಹುಮನಾಬಾದಿನ ಹಳ್ಳಿ ಶಾಲೆಯಲ್ಲಿ ಪಾಠ ಹೇಳುವ ಮೇಷ್ಟ್ರಿಗೆ ಪಾಸ್‌ವರ್ಡ್ ಯಾರು ಕೊಡ್ತಾರ? ‘ಪಂಚಮ’, ‘ಶೂದ್ರ’ದಂಥ ನಮ್ಮ ಪತ್ರಿಕೆಗಳು ಆ ಪಟ್ಟಿಯಲ್ಲಿ ಎಲ್ಲಿವೆ?

ಕಲ್ಯಾಣದಿಂದ ಚದುರಿದ ಶರಣರ ವಚನಗಳು ಒಂದೇ ಭಂಡಾರದಲ್ಲಿ ಉಳಿಯಲಿಲ್ಲ; ಊರೂರಿನ ತಾಡವೋಲೆ ಕಟ್ಟುಗಳಲ್ಲಿ ಉಳಿದವು. ಅವನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಹೊರಡಿಸಿದರು. ಪ್ರತಿಗಳು ಹಲವು ಕೈಯಲ್ಲಿದ್ದುದರಿಂದಲೇ ಮಾತು ಬದುಕಿತು.

ಆದ್ದರಿಂದ ಕೇಳುತ್ತೇವೆ: ತೆಗೆಯುವ ಮುನ್ನ ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಹಚ್ಚಿರಿ. ಜಿಲ್ಲೆಗೊಂದಾದರೂ ಕಾಗದದ ಪ್ರತಿ ಇಡಿರಿ. ಉಳಿದದ್ದನ್ನು ತೂಕಕ್ಕೆ ಹಾಕದೆ ಬಸವಕಲ್ಯಾಣ, ಹುಮನಾಬಾದಿನ ಸಾರ್ವಜನಿಕ ಗ್ರಂಥಾಲಯಗಳಿಗೆ ಕೊಡಿರಿ. ನಮ್ಮ ಅಪ್ಪಂದಿರು ದಾಟದ ಹೊಸ್ತಿಲನ್ನು ನಾವು ಈಗಷ್ಟೇ ದಾಟಿದ್ದೇವೆ. ಒಳಗೆ ಬಂದ ಹೊತ್ತಿಗೇ ಕಪಾಟು ಖಾಲಿ ಮಾಡಿದರೆ ಸುಮ್ಮನೆ ಕೂಡುವವರಲ್ಲ ನಾವು.