ಸಂತಮಸದ ಫೋಟೋ ಯಾರು ತೆಗೆದರು?

ಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಈಚೆಗೆ ಒಂಬತ್ತನೇ ತರಗತಿಯ ಬೋಧನಾಭ್ಯಾಸದ ಪಾಠ ವೀಕ್ಷಿಸುತ್ತಿದ್ದೆ. ವಿಷಯ: ಸೌರಮಂಡಲದಾಚೆಯ ಗ್ರಹಗಳು. ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ಸಿದ್ಧರಾಗಿ ಬಂದಿದ್ದರು. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ನಾಮಕರಣ ಯೋಜನೆಯಲ್ಲಿ ಭಾರತದ ಪಾಲಿಗೆ ಬಂದ ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ 'ಬಿಭಾ' ಎಂದೂ ಅದರ ಗ್ರಹಕ್ಕೆ 'ಸಂತಮಸ' ಎಂದೂ ಹೆಸರಿಟ್ಟದ್ದನ್ನು ಹೇಳಿದರು. ಆಮೇಲೆ ಚಾರ್ಟ್ ಬಿಚ್ಚಿದರು. ಕಿತ್ತಳೆ ಬಣ್ಣದ, ಪಟ್ಟೆಪಟ್ಟೆ ಮೋಡದ ದೊಡ್ಡ ಗೋಳ.

"ಮಿಸ್, ಈ ಫೋಟೋ ಯಾರು ತೆಗ್ದಿದ್ದು?" ಹಿಂದಿನ ಬೆಂಚಿನ ಹುಡುಗಿ ಕೇಳಿದಳು.

"ದೊಡ್ಡ ದೂರದರ್ಶಕದಲ್ಲಿ ತೆಗೆದದ್ದು. ಕೂತ್ಕೊಳ್ಳಮ್ಮ."

ವೀಕ್ಷಣಾ ನಮೂನೆಯಲ್ಲಿ 'ಬೋಧನೋಪಕರಣ' ಎಂಬಲ್ಲಿ ನಾನು ಪೂರ್ತಿ ಅಂಕ ಕೊಟ್ಟೆ. ಹುಡುಗಿಯ ಪ್ರಶ್ನೆಗೆ ಅದರಲ್ಲಿ ಕಾಲಂ ಇರಲಿಲ್ಲ. ಪ್ರಶಿಕ್ಷಣಾರ್ಥಿಯ ತಪ್ಪಿಗಿಂತ ನನ್ನದೇ ದೊಡ್ಡದು.

ಸಂತಮಸವನ್ನು ಯಾರೂ ನೋಡಿಲ್ಲ. ಸಂಸ್ಕೃತದಲ್ಲಿ ಆ ಪದಕ್ಕೆ ಎಲ್ಲೆಡೆ ಕವಿದ ಕತ್ತಲೆ ಎಂದೇ ಅರ್ಥ. ನಾವು ಅದಕ್ಕೆ ಕಿತ್ತಳೆ ಬಳಿದೆವು. ಅದು ಇದೆಯೆಂದು ಗೊತ್ತಾದದ್ದು ನಕ್ಷತ್ರದ ಓಲಾಟದಿಂದ. ಇದನ್ನು ಕಲಿಸಲು ಚಾರ್ಟೇ ಬೇಡ. ಹತ್ತನೇ ತರಗತಿಯ ಒಬ್ಬರು, ಐದನೇ ತರಗತಿಯ ಒಬ್ಬರು ಕೈಕೈ ಹಿಡಿದು ಗಿರಗಿರ ತಿರುಗಲಿ. ಚಿಕ್ಕವರು ದೊಡ್ಡ ಸುತ್ತು ಹೊಡೆಯುತ್ತಾರೆ. ದೊಡ್ಡವರ ಕಾಲೂ ಒಂದೆಡೆ ನಿಲ್ಲುವುದಿಲ್ಲ, ಪುಟ್ಟ ಸುತ್ತು ಹಾಕುತ್ತದೆ. ಕತ್ತಲಲ್ಲಿ ಚಿಕ್ಕವರು ಕಾಣದಿದ್ದರೂ ದೊಡ್ಡವರ ಕಾಲು ನೋಡಿ, ಅಲ್ಲಿ ಇನ್ನೊಬ್ಬರಿದ್ದಾರೆ ಎನ್ನಬಹುದು.

ನಕ್ಷತ್ರದ ಆ ಪುಟ್ಟ ಸುತ್ತು ನಮಗೆ ತಿಳಿಯುವುದು ಹೇಗೆ? ಹೊಸೂರು ರಸ್ತೆಯ ಆಂಬ್ಯುಲೆನ್ಸ್ ಮಕ್ಕಳಿಗೆ ಗೊತ್ತು. ಹತ್ತಿರ ಬರುವಾಗ (ರಸ್ತೆ ಖಾಲಿಯಿದ್ದ ದಿನ!) ಸೈರನ್ನಿನ ಸ್ವರ ಏರಿರುತ್ತದೆ, ದಾಟಿದೊಡನೆ ಇಳಿಯುತ್ತದೆ. ಬೆಳಕಿನಲ್ಲೂ ಅಂಥದ್ದೇ. ನಕ್ಷತ್ರ ನಮ್ಮತ್ತ ಸರಿದಾಗ ಅದರ ರೋಹಿತದ ಗೆರೆಗಳು ನೀಲಿಯ ಕಡೆಗೆ, ದೂರ ಸರಿದಾಗ ಕೆಂಪಿನ ಕಡೆಗೆ ಕೂದಲೆಳೆಯಷ್ಟು ಜರುಗುತ್ತವೆ. ಬಿಭಾದಲ್ಲಿ ಈ ಜರುಗಾಟ ಸುಮಾರು ಎರಡು ದಿನ ಮೂರು ಗಂಟೆಗೊಮ್ಮೆ ಮರುಕಳಿಸುತ್ತದೆ. ಅದೇ ಸಂತಮಸದ ಒಂದು ವರ್ಷ. 1995ರಲ್ಲಿ ಮೇಯರ್ ಮತ್ತು ಕೆಲೋಜ್ ಸೂರ್ಯನಂಥ ತಾರೆಯೊಂದರ ಸುತ್ತ ಮೊದಲ ಗ್ರಹ ಪತ್ತೆಮಾಡಿದ್ದೂ ಹೀಗೆಯೇ. 2019ರ ನೊಬೆಲ್ ಅವರಿಗೆ ಸಿಕ್ಕಿತು.

ಚಿತ್ರವಿಲ್ಲದೆ ಮಕ್ಕಳ ಗಮನ ನಿಲ್ಲದು ಎನ್ನುವ ಸಹೋದ್ಯೋಗಿಗಳಿದ್ದಾರೆ. ಚಿತ್ರ ತೂಗುಹಾಕಲಿ, ಬೇಡವೆನ್ನುವುದಿಲ್ಲ. ಕೆಳಗೆ 'ಕಲಾವಿದರ ಕಲ್ಪನೆ' ಎಂದು ದಪ್ಪಕ್ಷರದಲ್ಲಿ ಬರೆಯಲಿ. ನೇರವಾಗಿ ಸೆರೆಸಿಕ್ಕ ಕೆಲವೇ ಹೊರಗ್ರಹಗಳು ಕೂಡ ಬರೀ ಚುಕ್ಕೆಗಳೆಂದು ಹೇಳಲಿ. ಆದರೆ 'ಗೊತ್ತಾದದ್ದು ಹೇಗೆ' ಎಂಬುದನ್ನು ಬಿಟ್ಟು 'ಗೊತ್ತಾದದ್ದು ಏನು' ಎಂಬುದನ್ನಷ್ಟೇ ಒಪ್ಪಿಸುವ ಪಾಠಕ್ಕೆ ನಾನಿನ್ನು ಪೂರ್ತಿ ಅಂಕ ಕೊಡಲಾರೆ.

ಮುಂದಿನ ವಾರ ಅದೇ ತರಗತಿಗೆ ಮತ್ತೆ ಹೋಗುತ್ತಿದ್ದೇವೆ. ಪಾಠಯೋಜನೆಯ ಮೊದಲ ಸಾಲಿನಲ್ಲಿ ಆ ಹುಡುಗಿಯ ಪ್ರಶ್ನೆಯಿದೆ.