ಹಿಡಿಯುವ ಕೈಯೋ, ಹಿಡಿಕಂಬಿಯೋ?

ಸ್ನಾನವು ನಮ್ಮ ತರುಣ ಓದುಗರಿಗೆ ಆಲೋಚನೆಗೆ ಯೋಗ್ಯವಾದ ವಿಷಯವೆಂದು ತೋರಲಾರದು. ಬಚ್ಚಲುಮನೆಗೆ ಹೋಗಿ ನಾಲ್ಕು ಚೊಂಬು ನೀರು ಸುರಿದುಕೊಂಡು ಬಂದರೆ ಮುಗಿಯಿತು. ಆದರೆ ಸಂಧಿವಾತದಿಂದ ಮಂಡಿ ಬಿಗಿದವರಿಗೆ, ಪಾರ್ಶ್ವವಾಯುವಿನಿಂದ ಒಂದು ಪಕ್ಕದ ಸ್ವಾಧೀನ ತಪ್ಪಿದವರಿಗೆ ಇದೇ ಕೆಲಸವು ದಿನದ ದೊಡ್ಡ ಅಪಾಯವಾಗಬಹುದು. ಅಂಥವರಿರುವ ಮನೆಗಳಲ್ಲಿ "ಯಾರಾದರೂ ಹಿಡಿದುಕೊಂಡರಾಯಿತು" ಎಂಬ ಮಾತು ಕೇಳಿಬರುತ್ತದೆ. ಈ ಮಾತಿನಲ್ಲಿ ಪ್ರೀತಿಯುಂಟು. ವಿವೇಕ ಮಾತ್ರ ಸಾಲದು. ಹಿಡಿಯುವ ಕೈಯನ್ನು ಹುಡುಕುವುದಕ್ಕೆ ಮೊದಲು ಬಚ್ಚಲನ್ನು ತಿದ್ದಬೇಕೆಂಬುದೇ ನಮ್ಮ ಅಭಿಪ್ರಾಯ.

ಇದಕ್ಕೆ ಕಾರಣಗಳನ್ನು ನಿಮ್ಮ ಪಾಠಪುಸ್ತಕದಲ್ಲಿಯೇ ಕಾಣಬಹುದು. ನಾವು ಜಾರದೆ ನಿಲ್ಲುವುದು ನೆಲಕ್ಕೂ ಅಂಗಾಲಿಗೂ ನಡುವಣ ಘರ್ಷಣೆಯಿಂದ. ಸಾಬೂನಿನ ನೀರು ಇವೆರಡರ ಮಧ್ಯೆ ತೆಳುಪೊರೆಯಾಗಿ ಹರಡಿ, ಯಂತ್ರದಲ್ಲಿ ಎಣ್ಣೆಯು ಮಾಡುವ ಕೆಲಸವನ್ನೇ ಮಾಡುತ್ತದೆ. ಎರಡನೆಯದು ಮಣೆ. ತಗ್ಗಾದ ಮಣೆಯಿಂದ ಏಳುವಾಗ ಮಂಡಿಯು ಪೂರ್ತಿಯಾಗಿ ಮಡಿಸಿರುವುದರಿಂದ ತೊಡೆಯ ಸ್ನಾಯುಗಳು ಬಹಳ ಬಲವನ್ನು ಹಾಕಬೇಕಾಗುತ್ತದೆ. ಪೀಠವು ಸುಮಾರು 45 ಸೆಂಟಿಮೀಟರ್ ಎತ್ತರವಿದ್ದರೆ ಆ ಶ್ರಮವು ಬಹುಮಟ್ಟಿಗೆ ಇಳಿಯುತ್ತದೆ. ಮೂರನೆಯದು ಬಿಸಿನೀರು. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದ ಒತ್ತಡವು ಇಳಿಯುವುದರಿಂದ, ಥಟ್ಟನೆ ಎದ್ದವರಿಗೆ ತಲೆ ತಿರುಗಬಹುದು. 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಸ್ಪರ್ಶಜ್ಞಾನ ಕುಂದಿದ ಕಾಲಿಗೆ ಅದು ತಿಳಿಯದೆಯೂ ಹೋಗಬಹುದು. ಆದುದರಿಂದ ತಣ್ಣೀರಿಗೆ ಬಿಸಿನೀರನ್ನು ಬೆರೆಸಿ, ಸ್ಪರ್ಶವು ಚೆನ್ನಾಗಿರುವ ಕೈಯಿಂದ ಪರೀಕ್ಷಿಸತಕ್ಕದ್ದು.

ಹಾಗಾದರೆ ಆರಿಸತಕ್ಕದ್ದು ಯಾವುದನ್ನು? ಪಕ್ಕದಲ್ಲಿ ಬಾಗಿಲುಳ್ಳ ಸ್ನಾನದ ತೊಟ್ಟಿಗಳು ಈಗ ಮಾರಾಟಕ್ಕಿವೆ. ನೋಯುವ ಕೀಲುಗಳಿಗೆ ಬೆಚ್ಚಗಿನ ನೀರಿನಲ್ಲಿ ಮುಳುಗಿರುವುದು ಹಿತವೆಂಬುದು ನಿಜ. ಆದರೆ ಒಳಗೆ ಕುಳಿತು ಬಾಗಿಲು ಮುಚ್ಚಿದ ಮೇಲೆಯೇ ಅದರಲ್ಲಿ ನೀರು ತುಂಬಬೇಕು. ನೀರೆಲ್ಲ ಹರಿದುಹೋಗುವವರೆಗೆ ಒದ್ದೆ ಮೈಯಲ್ಲಿಯೇ ಕಾದಿರಬೇಕು. ಸುರಿದುಕೊಂಡು ಮೀಯುವ ನಮ್ಮ ಪದ್ಧತಿಗೆ ಅಷ್ಟು ವೆಚ್ಚವು ಅನಾವಶ್ಯಕ. ಕಾಲುಗಳಿಗೆ ರಬ್ಬರು ತೊಡಿಸಿದ, ಬೆನ್ನಿಗೆ ಒರಗುಳ್ಳ ಗಟ್ಟಿ ಕುರ್ಚಿ, ಗೋಡೆಯಲ್ಲಿ ಭದ್ರವಾಗಿ ನೆಟ್ಟ ಹಿಡಿಕಂಬಿ, ತರಿತರಿಯಾದ ನೆಲ, ಎಡವಲು ಹೊಸ್ತಿಲಿಲ್ಲದ ಬಾಗಿಲು: ಇಷ್ಟಿದ್ದರೆ ಅನೇಕರಿಗೆ ಸಾಕು. ಟವೆಲು ಹಾಕುವ ಸರಳನ್ನು ಹಿಡಿಕಂಬಿಯೆಂದು ನಂಬಬಾರದು. ಅದು ಬಟ್ಟೆಯ ಭಾರಕ್ಕೆ ಮಾಡಿದುದೇ ಹೊರತು ಬೀಳುವ ದೇಹದ ಭಾರಕ್ಕಲ್ಲ. ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಏಕೆಂದರೆ ಒಳಗೆ ಬಿದ್ದವರ ದೇಹವೇ ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗುತ್ತದೆ. 20 ಲೀಟರು ನೀರಿನ ತೂಕ ಸುಮಾರು 20 ಕಿಲೋಗ್ರಾಂ. ಅದನ್ನು ಹೊರಿಸುವ ಬದಲು ಬಕೆಟ್ಟನ್ನು ನಲ್ಲಿಯ ಕೆಳಗೆ, ಪೀಠದ ಎತ್ತರದ ಕಟ್ಟೆಯ ಮೇಲೆ ಇಟ್ಟರೆ ಎತ್ತುವುದೂ ಇಲ್ಲ, ಬಗ್ಗುವುದೂ ಇಲ್ಲ. ಗಾಲಿಕುರ್ಚಿಯನ್ನು ಬಳಸುವವರಿಗೆ ಎರಡು ಪೀಠಗಳೂ ಒಂದೇ ಮಟ್ಟದಲ್ಲಿದ್ದರೆ ಒಂದರಿಂದೊಂದಕ್ಕೆ ಸರಿಯುವುದು ಸುಲಭ.

"ಒಬ್ಬರಿಗಾಗಿ ಬಚ್ಚಲನ್ನು ಒಡೆಯಬೇಕೇ?" ಎಂದು ಕೇಳುವವರಿದ್ದಾರೆ. ನಮ್ಮ ಉತ್ತರವಿಷ್ಟೇ: ಜಾರದ ನೆಲವು ಮನೆಯ ಮಗುವಿಗೂ ಗರ್ಭಿಣಿಗೂ ಬೇಕು, ಮುಪ್ಪು ಎಲ್ಲರಿಗೂ ಬರತಕ್ಕದ್ದು. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಸುಗಮವಾಗಿರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ವಿಧಿಸಿದೆ. ಮನೆಯ ಬಚ್ಚಲಿನಲ್ಲಿ ಆ ಹೊಣೆಯು ಮನೆಯವರದೇ. ಬಿದ್ದು ಸೊಂಟದ ಕೀಲಿನ ಮೂಳೆ ಮುರಿದರೆ ಆಗುವ ವೆಚ್ಚದ ಮುಂದೆ ಕಂಬಿಯ ಬೆಲೆ ಅತ್ಯಲ್ಪ.

ಇದಕ್ಕಿಂತಲೂ ದೊಡ್ಡದು ಮಾನದ ಪ್ರಶ್ನೆ. ಬಾಗಿಲು ಹಾಕಿಕೊಂಡು ತಾನೇ ಮೀಯುವ ಸ್ವಾತಂತ್ರ್ಯವನ್ನು, ಮಕ್ಕಳ ಮೇಲಿನ ಪ್ರೀತಿಯಿಂದಲೂ ಯಾರೂ ಸಂತೋಷವಾಗಿ ಬಿಟ್ಟುಕೊಡುವುದಿಲ್ಲ. ಯಾರ ನೆರವೂ ಇಲ್ಲದೆ ಮೀಯಲಾರದವರೂ ಉಂಟು. ಅವರಿಗೂ ನೆರವಾಗುವವರ ಬೆನ್ನಿಗೂ ಈ ಅನುಕೂಲಗಳೇ ರಕ್ಷೆ. ಆದ್ದರಿಂದ ವಿದ್ಯಾರ್ಥಿಗಳು ಅಳತೆಪಟ್ಟಿಯೊಡನೆ ತಮ್ಮ ಮನೆಯ ಬಚ್ಚಲನ್ನು ಪರೀಕ್ಷಿಸಲಿ. ಆದರೆ ಕಂಬಿಯನ್ನು ಯಾವ ಪಕ್ಕಕ್ಕೆ, ಎಷ್ಟು ಎತ್ತರಕ್ಕೆ ಹಾಕಬೇಕೆಂಬುದನ್ನು ಅದನ್ನು ಹಿಡಿಯುವವರನ್ನೇ ಕೇಳಿ ನಿರ್ಧರಿಸಲಿ.