ಮಾತು ಬಿಟ್ಟರೂ ಸದ್ದು ಬಿಡದ ಚಿತ್ರ

1987ರ ‘ಪುಷ್ಪಕ ವಿಮಾನ’ವನ್ನು ಮೂಕಿಚಿತ್ರ ಎನ್ನುವ ರೂಢಿ ಇನ್ನೂ ಹೋಗಿಲ್ಲ. ಅದು ಮೂಕಿಯಲ್ಲ. ಶೃಂಗಾರ್ ನಾಗರಾಜ್ ನಿರ್ಮಾಣದಲ್ಲಿ ಸಿಂಗೀತಂ ಶ್ರೀನಿವಾಸರಾವ್ ಇದನ್ನು ತೆಗೆದದ್ದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಮಾತಾಡಿ 53 ವರ್ಷ ಕಳೆದ ಮೇಲೆ. ಇಲ್ಲಿ ಬಿಟ್ಟದ್ದು ಮಾತನ್ನಷ್ಟೇ. ಸದ್ದನ್ನು ಮೊದಲಿಗಿಂತ ಹತ್ತಿರ ಕರೆದುಕೊಂಡಿದ್ದಾರೆ. ಕಮಲ್ ಹಾಸನ್ ಅಭಿನಯಿಸಿದ ನಿರುದ್ಯೋಗಿ ಪದವೀಧರನ ಕೋಣೆಗೆ ಪಕ್ಕದ ಟಾಕೀಸಿನ ಹೊಡೆದಾಟದ ಗದ್ದಲ ದಿನವೂ ನುಗ್ಗುತ್ತದೆ. ಕುಡಿದು ಬಿದ್ದ ಸಿರಿವಂತನೊಬ್ಬನನ್ನು ಬಚ್ಚಿಟ್ಟು, ಅವನ ಹೆಸರಿನಲ್ಲಿ ದೊಡ್ಡ ಹೋಟೆಲು ಸೇರಿದ ಮೇಲೆ ಮೆತ್ತನೆಯ ಹಾಸಿಗೆಯ ಮೇಲೆ ಇವನಿಗೆ ನಿದ್ದೆ ಹತ್ತದು. ಕೊನೆಗೆ ಅದೇ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು, ಹಾಕಿಕೊಂಡು ಮಲಗುತ್ತಾನೆ. ಬಡತನ ಕಿವಿಯೊಳಗೆ ಎಷ್ಟು ಆಳಕ್ಕೆ ಇಳಿದಿರುತ್ತದೆ ಎಂಬುದನ್ನು ಯಾವ ಸಂಭಾಷಣೆ ಇಷ್ಟು ಚೆನ್ನಾಗಿ ಹೇಳೀತು? ತಮಿಳಿನಲ್ಲಿ ಇದಕ್ಕಿಟ್ಟ ಹೆಸರು ‘ಪೇಸುಂ ಪಡಂ’, ಮಾತಾಡುವ ಚಿತ್ರ. ಸರಿಯಾಗಿಯೇ ಇಟ್ಟಿದ್ದಾರೆ.

ಬ್ರಿಟನ್ನಿನಲ್ಲಿ ಇದಕ್ಕೂ ಮೊದಲೇ ನಟ-ನಿರ್ದೇಶಕ ಎರಿಕ್ ಸೈಕ್ಸ್ ಇಂಥ ನಗೆಚಿತ್ರಗಳನ್ನು ಮಾಡಿದ್ದರು. ‘ದಿ ಪ್ಲ್ಯಾಂಕ್’ನಲ್ಲಿ (1967) ಇಬ್ಬರು ಕೆಲಸಗಾರರು ಒಂದು ಹಲಗೆ ಹೊತ್ತು ಬೀದಿಯಲ್ಲಿ ಸಾಗುತ್ತಾರೆ, ಹೋದಲ್ಲೆಲ್ಲ ಅನಾಹುತ. ಅಲ್ಲಿ ನಗು ಹುಟ್ಟುವುದು ವಸ್ತುವಿನ ಮೊಂಡುತನದಿಂದ. ನಮ್ಮ ಚಿತ್ರದಲ್ಲಿ ಅದು ಹುಟ್ಟುವುದು ಹಸಿವು ಮತ್ತು ಕಾಸಿನಿಂದ. ನಾಯಕ ತನ್ನ ಚಿಲ್ಲರೆ ತೋರಿಸಿ ಭಿಕ್ಷುಕನ ಹೊಟ್ಟೆಯುರಿಸಲು ಹೋದರೆ ಅವನು ನೋಟುಗಳನ್ನೇ ತೋರಿಸುತ್ತಾನೆ. ಮುಂದೆ ಅದೇ ಭಿಕ್ಷುಕ ಸತ್ತಾಗ ಜನ ಹಣಕ್ಕೆ ಮುಗಿಬೀಳುತ್ತಾರೆ, ಹೆಣ ಯಾರಿಗೂ ಬೇಡ.

ಒಂದೂ ಕನ್ನಡ ಮಾತಿಲ್ಲದ ಇದು ಕನ್ನಡ ಚಿತ್ರ ಹೇಗಾಯಿತು ಎಂದು ಕೇಳುವವರಿದ್ದಾರೆ. ಗಡಿ ಸೀಮೆಯ ನಮ್ಮ ತೊಂಡೇಬಾವಿಯ ಕಡೆ ಇದು ಹೊತ್ತು ಕಳೆಯಲು ಕೇಳುವ ಪ್ರಶ್ನೆಯಲ್ಲ. ಇಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು, ಶಾಲೆಯ ಮಾತು ಕನ್ನಡ. ಗೌರಿಬಿದನೂರು ದಾಟಿದ ರೈಲು ಆಂಧ್ರದ ಹಿಂದೂಪುರಕ್ಕೆ ಹೋಗುತ್ತದೆ. ಮನೆಮಾತು ತೆಲುಗಾದ ಮಾತ್ರಕ್ಕೆ ಇಲ್ಲಿನವರು ಕನ್ನಡಕ್ಕೆ ಹೊರಗಿನವರಾಗಿಲ್ಲ. ‘ಹಾಲು ಜೇನು’, ‘ಚಲಿಸುವ ಮೋಡಗಳು’ ಕೊಟ್ಟ ಸಿಂಗೀತಂ ಕೂಡ ತೆಲುಗು ನಾಡಿನವರೇ. ಬೆಂಗಳೂರಿನ ಬೀದಿ, ಬಿ.ಸಿ. ಗೌರಿಶಂಕರ್ ಅವರ ಕ್ಯಾಮೆರಾ, ನಮ್ಮ ಲೋಕನಾಥ್ ಅವರ ಮುಖ ಇವೆಲ್ಲ ಸೇರಿ ಕಟ್ಟಿದ್ದನ್ನು ಕನ್ನಡವಲ್ಲ ಎನ್ನಲು ನಮಗೆ ಮನಸ್ಸಿಲ್ಲ.

ಎಲ್ಲ ರಾಜ್ಯಗಳಲ್ಲೂ ಓಡಿಸಲು ಹೂಡಿದ ಉಪಾಯವಿದು ಎಂಬ ಆಕ್ಷೇಪವೂ ಉಂಟು. ಡಬ್ಬಿಂಗ್ ಇಲ್ಲದೆ ಗಡಿ ದಾಟುವ ಅನುಕೂಲ ಇದ್ದದ್ದು ನಿಜ. ಸಹಜವಾಗಿ ಬಾಯಿ ಬಿಡಬೇಕಾದ ಕಡೆಯೂ ಕೈಸನ್ನೆ ಮಾಡಿಸಿರುವುದು ಅಲ್ಲಲ್ಲಿ ಬಲವಂತ ಅನಿಸುತ್ತದೆ, ಒಪ್ಪೋಣ. ಆದರೆ ಬರೀ ಉಪಾಯವಾಗಿದ್ದರೆ ಆ ಮೌನ ಕೊನೆಯಲ್ಲಿ ಇಷ್ಟು ನೋಯಿಸುತ್ತಿರಲಿಲ್ಲ. ನಾಯಕ ಮನಸೋತ ಹುಡುಗಿ ಊರು ಬಿಡುವಾಗ ವಿಳಾಸದ ಚೀಟಿ ಸುತ್ತಿದ ಗುಲಾಬಿಯನ್ನು ಅವನತ್ತ ಎಸೆಯುತ್ತಾಳೆ. ಒಂದೇ ಒಂದು ಸಲ ಕೂಗಿ ಹೇಳಿದ್ದರೆ ಸಾಕಿತ್ತು. ಗಾಳಿ ಚೀಟಿಯನ್ನು ಹಾರಿಸಿ ಚರಂಡಿಗೆ ಹಾಕುತ್ತದೆ. ಹೂವು ಹಿಡಿದು ಅವನು ಮತ್ತೆ ಕೆಲಸ ಕೇಳುವವರ ಸಾಲಿಗೆ ಹೋಗಿ ನಿಲ್ಲುತ್ತಾನೆ.